ಹಳೆ ಕಪಾಟಿಗೆ ಹೊಸ ಬಾಗಿಲು

ಒಳಪೆಟ್ಟಿಗೆ ಗಟ್ಟಿಯಿದ್ದರೆ ಬಾಗಿಲಷ್ಟೇ ಬದಲಿಸುವ ನಿಮ್ಮ ಯೋಚನೆ ಸರಿ. ವಾಸನೆಯ ಬಗ್ಗೆ ನಿಮಗಿರುವ ಹೆದರಿಕೆಯೂ ಸುಳ್ಳಲ್ಲ. ಅಗ್ಗದ ಎಂಡಿಎಫ್, ಪಾರ್ಟಿಕಲ್ ಬೋರ್ಡುಗಳನ್ನು ಹಿಡಿದಿಟ್ಟಿರುವುದು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಸೆಕೆ, ಹಬೆ ತಾಗಿದಷ್ಟೂ ಅದರಿಂದ ಫಾರ್ಮಾಲ್ಡಿಹೈಡ್ ಅನಿಲ ಹೆಚ್ಚು ಹೊರಬರುತ್ತದೆ. ಕಣ್ಣುರಿ, ಗಂಟಲು ಕೆರೆತಕ್ಕೆ ಅದೇ ಕಾರಣವಾಗಬಹುದು. ಈ ಅನಿಲ ಕಡಿಮೆ ಬಿಡುವ ಇ-0 ಇಲ್ಲವೇ ಇ-1 ದರ್ಜೆಯ ಬೋರ್ಡನ್ನೇ ಕೇಳಿ. ಅಂಗಡಿಯವರ ಬಾಯಿಮಾತು ಸಾಲದು, ಬಿಲ್ಲಿನಲ್ಲಿ ಬರೆಸಿ. ಸಿಂಕಿನ ಕೆಳಗಿನ ಬಾಗಿಲಿಗೆ ಮಾತ್ರ ನೀರು ತಡೆಯುವ, ಐಎಸ್ 710 ಗುರುತಿನ ಪ್ಲೈವುಡ್ಡೇ ಇರಲಿ. ನಾಲ್ಕೂ ಅಂಚುಗಳಿಗೆ ಪಟ್ಟಿ ಅಂಟಿಸಿ ಮುಚ್ಚಿಸಿ; ಬಾಗಿಲ ಹಿಂಬದಿಯನ್ನು ಬರಿದಾಗಿ ಬಿಡುವ ಕೆಲಸಗಾರರಿದ್ದಾರೆ, ಒಪ್ಪಬೇಡಿ.

ನನಗೆ ಬೋರ್ಡಿಗಿಂತ ಹೆಚ್ಚಿನ ಚಿಂತೆ ಬಡಗಿಯ ಡಬ್ಬಿಯದು. ಲ್ಯಾಮಿನೇಟ್ ಬೇಗ ಕೂರಲೆಂದು ಬಳಿಯುವ ಘಾಟು ವಾಸನೆಯ ರಬ್ಬರ್ ಅಂಟಿನಲ್ಲಿ ಹಲವು ಬಾರಿ ಟೊಲುಯೀನ್ ಎಂಬ ಹಾನಿಕರ ದ್ರಾವಕ ಇರುತ್ತದೆ. ಅದರ ಬದಲು ನೀರಿನ ಆಧಾರದ ಬಿಳಿ ಅಂಟು ಹಚ್ಚಿ, ಒಂದು ರಾತ್ರಿ ಭಾರ ಹೇರಿಟ್ಟರೆ ಸಾಕು. ‘ತಡವಾಗುತ್ತೆ ಮೇಡಂ’ ಎನ್ನುತ್ತಾರೆ. ಆಗಲಿ ಬಿಡಿ.

ಹಳೆಯ ಬಣ್ಣವನ್ನು ಒಣದಾಗಿ ಉಜ್ಜಿಸಬೇಡಿ, ಅದರಲ್ಲಿ ಸೀಸವಿರಬಹುದು. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದೇ 2017ರಲ್ಲಿ. ಮಗಳು ಬಸುರಿ ಎಂದಿದ್ದೀರಿ. ಕೆಲಸ ಮುಗಿದು, ಕಿಟಕಿ ತೆರೆದಿಟ್ಟು ವಾಸನೆ ಪೂರ್ತಿ ಹೋದ ಮೇಲೆಯೇ ಆಕೆಯನ್ನು ಕರೆಸಿಕೊಳ್ಳಿ.