ಕೊಂಡವನ ಹಕ್ಕು, ಮಾರಿದವನ ಹೊಣೆ

ಲೋಕವ್ಯವಹಾರಕ್ಕೆ ಕ್ರಯವಿಕ್ರಯವು ಆಧಾರ. ಕ್ರಯವಿಕ್ರಯಕ್ಕೆ ನಂಬುಗೆಯು ಆಧಾರ. ಈ ವಿಚಾರವು ನಮ್ಮಲ್ಲಿ ಹೊಸದಲ್ಲ. ಕೊಂಡ ವಸ್ತುವನ್ನು ಸ್ವೀಕರಿಸದವನಿಗೆ ಕೌಟಿಲ್ಯನ ಅರ್ಥಶಾಸ್ತ್ರವು 12 ಪಣಗಳ ದಂಡವನ್ನು ವಿಧಿಸಿದ್ದರೂ, ವಸ್ತುವಿನಲ್ಲಿ ದೋಷವಿದ್ದ ಪಕ್ಷದಲ್ಲಿ ಅವನಿಗೆ ವಿನಾಯಿತಿಯನ್ನು ಹೇಳಿದೆ.

ಕೆಲವು ವರ್ಷಗಳ ಹಿಂದೆ, ಪತಿಯನ್ನು ಕಳೆದುಕೊಂಡ ನನ್ನ ತಂಗಿಯ ಜೀವನೋಪಾಯಕ್ಕೆಂದು ಒಂದು ಹೊಲಿಗೆ ಯಂತ್ರವನ್ನು ಕೊಂಡೆನು. ತಿಂಗಳು ತುಂಬುವ ಮೊದಲೇ ಅದು ಕೆಟ್ಟಿತು. “ಪಂಡಿತರೇ, ನಾವು ಮಾರುವವರು ಮಾತ್ರ; ಕಂಪನಿಯವರನ್ನು ಕೇಳಿಕೊಳ್ಳಿ” ಎಂದರು ಅಂಗಡಿಯವರು. ಶಬ್ದಾರ್ಥಗಳನ್ನು ಬೋಧಿಸುವ ನಾನು ಉತ್ತರವರಿಯದೆ ಹಿಂದಿರುಗಿದೆನು. ಅಂದು ಅರಿಯದಿದ್ದುದನ್ನು ಬಳಿಕ ಅರಿತು ಇಲ್ಲಿ ನಿವೇದಿಸುತ್ತೇನೆ.

1930ರ ಸರಕು ಮಾರಾಟ ಅಧಿನಿಯಮದಂತೆ, ಒಂದು ಬಗೆಯ ಸರಕಿನ ವ್ಯಾಪಾರಿಯಿಂದ ಆ ಬಗೆಯದೆಂದು ಹೇಳಿ ಕೊಂಡ ವಸ್ತುವು ಮಾರಾಟಯೋಗ್ಯವಾದ ಗುಣವುಳ್ಳದ್ದಾಗಿರಬೇಕು. ಇದು ಬಾಯಿಬಿಟ್ಟು ಹೇಳದಿದ್ದರೂ ಒಪ್ಪಂದದಲ್ಲಿ ಅಡಗಿರುವ ಷರತ್ತು. ಆದರೆ ಮೊದಲೇ ಪರೀಕ್ಷಿಸಿ ಕೊಂಡವನು, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕಾಗಿ ಈ ಷರತ್ತನ್ನು ಆಶ್ರಯಿಸುವಂತಿಲ್ಲ.

1986ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಸ್ಥಾನದಲ್ಲಿ 2019ರ ಅಧಿನಿಯಮವು 2020ರ ಜುಲೈ ತಿಂಗಳಲ್ಲಿ ಜಾರಿಗೆ ಬಂದಿತು. ರಸೀದಿ ಕೊಡದಿರುವುದು ಇದರಂತೆ ಅನುಚಿತ ವ್ಯಾಪಾರ ಪದ್ಧತಿ. ದೋಷಯುಕ್ತ ಸರಕನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದೂ ಅಂತಹುದೇ. ಮರುಮಾರಾಟಕ್ಕೆ ಕೊಂಡವನು ಗ್ರಾಹಕನಲ್ಲ. ಆದರೆ ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡವನು ಗ್ರಾಹಕನೇ. ನನ್ನ ತಂಗಿಯಂತಹವರಿಗೂ ಆದ್ದರಿಂದ ಇಲ್ಲಿ ಆಶ್ರಯವುಂಟು.

ದೋಷ ಕಂಡೊಡನೆ ರಸೀದಿ, ವಾರಂಟಿ ಕಾರ್ಡುಗಳ ಪ್ರತಿಯೊಡನೆ ವರ್ತಕನಿಗೂ ತಯಾರಕನಿಗೂ ಲಿಖಿತವಾಗಿ ತಿಳಿಸಬೇಕು. ಫಲ ಕಾಣದಿದ್ದರೆ ಎರಡು ವರ್ಷಗಳೊಳಗೆ, ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ತೆತ್ತ ಬೆಲೆ 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ದೋಷವನ್ನು ಸರಿಪಡಿಸಲು, ಬೇರೆ ವಸ್ತುವನ್ನು ಕೊಡಲು, ಬೆಲೆಯನ್ನು ಮರಳಿಸಲು, ನಷ್ಟಕ್ಕೆ ಪರಿಹಾರ ನೀಡಲು ಆಯೋಗವು ಆಜ್ಞಾಪಿಸಬಲ್ಲುದು. 1915 ಎಂಬ ರಾಷ್ಟ್ರೀಯ ಸಹಾಯವಾಣಿಯಲ್ಲಿ ಸಲಹೆಯೂ ದೊರೆಯುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ವರ್ತಕರು ಹಲವರಿದ್ದಾರೆ. ಕೆಟ್ಟ ವಸ್ತುವನ್ನು ಹಿಡಿದು ಬಂದವನನ್ನು ಅವರು ಆದರದಿಂದ ಕಂಡರೆ ಕಾನೂನಿನ ಬಾಗಿಲನ್ನು ತಟ್ಟುವ ಪ್ರಸಂಗವೇ ಬಾರದು. ಅಧ್ಯಾಪಕರು ಮಕ್ಕಳಿಗೆ ಪತ್ರಲೇಖನವನ್ನು ಕಲಿಸುವಾಗ ಇಂತಹ ದೂರುಪತ್ರವೊಂದನ್ನೂ ಬರೆಯಿಸಲಿ. ಅಂದು ನಾನು ಬರೆಯದ ಪತ್ರವನ್ನು ನಾಳೆ ಅವರು ಬರೆಯುವಂತಾಗಲಿ.