ಹೊಲದ ಕಾವಲಿಗೆ ರಬ್ಬರಿನ ಕರಡಿಮೋರೆ

ಶೇಂಗಾ ಕಾಯಿ ಬಲಿಯುವಾಗ, ಮೆಕ್ಕೆಜೋಳದ ತೆನೆ ಹಾಲುಗಟ್ಟುವಾಗ ಹೊಲ ಕಾಯುವವನಿಗೆ ಬಿಡುವಿಲ್ಲ. ಹಕ್ಕಿಗಳಿಗಾದರೆ ಅಟ್ಟದ ಮೇಲೆ ನಿಂತು ಕವಣೆ ಬೀಸಿದರೆ ಸಾಕು. ಮಂಗಗಳ ಹಿಂಡಿಗೆ ಅದು ಸಾಲದು. ಹಳೆಯ ಅಂಗಿ ತೊಡಿಸಿದ ಬೆದರುಗೊಂಬೆಯನ್ನು ಅವು ಎರಡೇ ದಿನದಲ್ಲಿ ಗುರುತು ಹಿಡಿದು ಅದರ ತಲೆಯ ಮೇಲೆಯೇ ಕೂಡುತ್ತವೆ. ವಡ್ಡೆಪಲ್ಲಿ, ಗದ್ವಾಲ, ಮಕ್ತಲ ಕಡೆಯ ನಮ್ಮ ಒಕ್ಕಲಿಗ ಬಾಂಧವರು ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಒಂದು ಉಪಾಯವನ್ನು ಇಲ್ಲಿ ವಿವರಿಸಿದೆ.

2022ರಲ್ಲಿ ತೆಲಂಗಾಣದ ಸಿದ್ದಿಪೇಟ ಜಿಲ್ಲೆಯ ಕೊಹೆಡಾದಲ್ಲಿ ಒಬ್ಬ ರೈತರು ದಿನಕ್ಕೆ 500 ರೂಪಾಯಿ ಕೂಲಿ ಕೊಟ್ಟು ಒಬ್ಬ ಆಳಿಗೆ ಕರಡಿಯ ಸೋಗು ಹಾಕಿಸಿ, ಮಂಗ ಮತ್ತು ಕಾಡುಹಂದಿಗಳನ್ನು ದೂರವಿಡಲು ಹೊಲದಲ್ಲಿ ತಿರುಗಾಡಿಸಿದರು. ಅದಕ್ಕೂ ಮುಂಚೆ, 2019ರಲ್ಲಿ, ತೀರ್ಥಹಳ್ಳಿ ತಾಲೂಕಿನ ನಲೂರಿನ ರೈತರೊಬ್ಬರು ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟಕ್ಕೆ ಬಿಟ್ಟಿದ್ದು ಪತ್ರಿಕೆಗಳಲ್ಲಿ ಬಂದಿತು. ಅವರು ಮೊದಲು ಹುಲಿಯ ಗೊಂಬೆ ನಿಲ್ಲಿಸಿದ್ದರು. ಅದರ ಬಣ್ಣ ಮಾಸಿತು. ಈ ಎರಡು ಸಂಗತಿಗಳಿಂದ ತಿಳಿಯಬೇಕಾದುದು ಇಷ್ಟೆ: ಮೋರೆ ಎಷ್ಟೇ ಚೆನ್ನಾಗಿದ್ದರೂ ಅದು ನಡೆದಾಡಬೇಕು. ಗೂಟಕ್ಕೆ ಸಿಕ್ಕಿಸಿಟ್ಟ ಮೋರೆ ದಂಡ.

ಮೊದಲು ಕರಡಿಯ ಮುಖವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಹಂಪಿಯ ಹತ್ತಿರ, 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮಕ್ಕೆ ಹೋದವರು ಕಂಡಿರಬಹುದು: ನಮ್ಮ ಕರಡಿಯ ಮೂತಿ ಉದ್ದ, ಕೂದಲು ಕಡಿಮೆ, ಬೂದಿ ಬಿಳಿ ಬಣ್ಣ, ಕೆಳದುಟಿ ಜೋಲುತ್ತದೆ, ಕಿವಿ ಮತ್ತು ಕುತ್ತಿಗೆಯ ಸುತ್ತ ಜೂಲು ಕೂದಲು. ದೂರದಿಂದ ಕಾಣುವುದು ಕಪ್ಪು ತಲೆಯ ನಡುವಿನ ಆ ಬಿಳಿ ಮೂತಿಯೇ. ಅದಕ್ಕೆ ಹೆಚ್ಚು ಗಮನ ಕೊಡಿರಿ; ಹಲ್ಲು ಕೊರೆಯುತ್ತ ಹೊತ್ತು ಕಳೆಯಬೇಡಿರಿ.

ಕೆರೆಯ ಜಿಗುಟು ಮಣ್ಣನ್ನು ಕಲ್ಲು ಕಸ ತೆಗೆದು ಕುಂಬಾರರಂತೆ ಚೆನ್ನಾಗಿ ತುಳಿದು ಹದಮಾಡಿರಿ. ಒಂದು ಹಲಗೆಯ ಮೇಲೆ ಸಣ್ಣ ಗಡಿಗೆಯನ್ನು ಅಡ್ಡ ಮಲಗಿಸಿ, ಅದರ ಮೇಲೆ ಮಣ್ಣು ಮೆತ್ತಿ ಮುಖವನ್ನು ತಿದ್ದಿರಿ. ಕಿವಿಯಿಂದ ಕಿವಿಯವರೆಗೆ ಮುಂಭಾಗ ಮಾತ್ರ ಸಾಕು. ಇಡೀ ತಲೆಯ ಮೋರೆಗೆ ಎರಡು ಹೋಳಿನ ಅಚ್ಚು ಬೇಕು. ಅಲ್ಲದೆ ನಮ್ಮ ಬಿಸಿಲಿಗೆ ಅದು ತಲೆಗೆ ಕುಲುಮೆ ಕಟ್ಟಿದಂತೆ. ರಬ್ಬರು ಒಣಗಿದಾಗ ತುಸು ಕುಗ್ಗುವುದರಿಂದ ಮುಖವನ್ನು ಅಳತೆಗಿಂತ ಒಂದು ಬೆರಳು ದೊಡ್ಡದಾಗಿಯೇ ಮಾಡತಕ್ಕದ್ದು.

ಇನ್ನು ಅಚ್ಚು. ಐದಾರು ಕಿಲೋ ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಕಾದೀತು. ನೀರನ್ನು ಪುಡಿಗೆ ಸುರಿಯಬಾರದು; ಪುಡಿಯನ್ನೇ ನೀರಿಗೆ ಉದುರಿಸುತ್ತ, ಅದು ನಡುಗಡ್ಡೆಯಂತೆ ಮೇಲೆ ನಿಲ್ಲುವವರೆಗೆ ಹಾಕಿ, ಆಮೇಲೆ ಕಲಸಬೇಕು. ಮೊದಲ ಲೇಪವನ್ನು ಕುಂಚದಿಂದ ತೆಳುವಾಗಿ ಮೂಲೆಮೂಲೆಗೆ ಹೊಡೆಯಿರಿ, ಗುಳ್ಳೆ ಉಳಿಯಬಾರದು. ಮೇಲಿನ ಲೇಪಕ್ಕೆ ಗೋಣಿಯ ಪಟ್ಟಿಗಳನ್ನು ಅದ್ದಿ ಹಾಕಿ, ಒಂದೂವರೆ ಇಂಚು ದಪ್ಪ ಮಾಡಿರಿ. ಗಟ್ಟಿಯಾಗುವಾಗ ಇದು ಬಿಸಿಯಾಗುತ್ತದೆ. ಆದುದರಿಂದ ಮನುಷ್ಯನ ಮುಖಕ್ಕೆ ನೇರವಾಗಿ ಮೆತ್ತಿ ಅಚ್ಚು ತೆಗೆಯುವ ಹುಡುಗಾಟ ಬೇಡ. ಒಂದು ತಾಸಿನ ಮೇಲೆ ಮಗುಚಿ, ಗಡಿಗೆ ತೆಗೆದು, ಮಣ್ಣು ಕೆದರಿ, ತೊಳೆದು, ಅಚ್ಚು ಹಗುರಾಗುವವರೆಗೆ ನಾಲ್ಕೈದು ದಿನ ಒಣಗಿಸಿರಿ. ಒಳಗೆ ಎಣ್ಣೆ ಸವರಬೇಡಿರಿ. ಒಣ ಅಚ್ಚು ರಬ್ಬರ್ ಹಾಲಿನ ನೀರನ್ನು ಹೀರುವುದರಿಂದಲೇ ಪದರು ಕಟ್ಟುವುದು.

ರಬ್ಬರ್ ಮರ ಕಾಸರಗೋಡು, ದಕ್ಷಿಣ ಕನ್ನಡದಂಥ ಮಳೆಸೀಮೆಯದು, ನಮ್ಮ ಹೊಲದಲ್ಲಿ ಬೆಳೆಯುವುದಲ್ಲ. ಮರದ ಹಸಿ ಹಾಲಿನಲ್ಲಿ ಸುಮಾರು ಮೂರನೆಯ ಒಂದು ಪಾಲು ರಬ್ಬರು ಇರುತ್ತದೆ. ಅಂಗಡಿಯ ಹಾಲನ್ನು ಶೇಕಡಾ 60ಕ್ಕೆ ಗಟ್ಟಿಮಾಡಿ, ಹೆಪ್ಪುಗಟ್ಟದಂತೆ ಅಮೋನಿಯಾ ಬೆರೆಸಿರುತ್ತಾರೆ. ಗಂಧಕ ಕೂಡಿಸಿ ಹದಗೊಳಿಸಿದ ಹಾಲನ್ನೇ ಕೇಳಿ ಕೊಳ್ಳಿರಿ. ಹದಗೊಳಿಸದ್ದು ಸೆಕೆಗೆ ಅಂಟಂಟಾಗುತ್ತದೆ. ‘ಎಕ್ಕೆಯ ಹಾಲು ನಡೆದೀತೆ?’ ಎಂದು ಕೇಳುವವರಿದ್ದಾರೆ. ಖಂಡಿತ ಕೂಡದು, ಅದು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಹಾಲನ್ನು ಬಯಲಿನಲ್ಲಿ ಬಳಸಿರಿ, ಅಮೋನಿಯಾದ ಘಾಟು ಕಣ್ಣು ಉರಿಸುತ್ತದೆ. ಕೆಲವರ ಚರ್ಮಕ್ಕೆ ರಬ್ಬರು ಒಗ್ಗುವುದಿಲ್ಲ. ತುರಿಕೆ, ಬಾವು ಕಂಡವರು, ಉಬ್ಬಸ ಬಂದವರು ಇದನ್ನು ಮುಟ್ಟಬಾರದು. ಕುಂಚವನ್ನು ಮೊದಲು ಸಾಬೂನು ನೀರಿನಲ್ಲಿ ಅದ್ದಿದರೆ ಕೂದಲು ಗಂಟಾಗದು. ಮೊದಲ ಪದರನ್ನು ಬಳಿದು, ಉಳಿದ ನಾಲ್ಕನ್ನು ಹಾಲು ಸುರಿದು ಅಚ್ಚನ್ನು ಹೊರಳಿಸಿ, ಹೆಚ್ಚಾದುದನ್ನು ತಿರುಗಿ ಬಸಿದು ಮಾಡಬೇಕು. ಬಿಳುಪು ಹೋಗಿ ತುಸು ಹಳದಿಯಾದರೆ ಒಂದು ಪದರು ಒಣಗಿತೆಂದು ಅರ್ಥ. ದಾರ ಕಟ್ಟುವ ಅಂಚಿಗೆ ಮೂರನೆಯ ಪದರಿನ ಮೇಲೆ ಹತ್ತಿಯ ಅರಿವೆಯ ಪಟ್ಟಿ ಕೂಡಿಸಿರಿ. ಒಂದು ದಿನ ಪೂರ್ತಿ ಒಣಗಿದ ಮೇಲೆ ಮುಖದ ಪೌಡರ್ ಉದುರಿಸುತ್ತ ನಿಧಾನ ಬಿಡಿಸಿರಿ. ಪೌಡರ್ ಇಲ್ಲದಿದ್ದರೆ ರಬ್ಬರಿಗೆ ರಬ್ಬರು ಅಂಟಿ ಎಲ್ಲ ಕೆಡುತ್ತದೆ.

ಕಣ್ಣು, ಮೂಗು, ಬಾಯಿಗಳನ್ನು ಧಾರಾಳವಾಗಿ ಕತ್ತರಿಸಿರಿ. ಬಣ್ಣದ ಪುಡಿಯನ್ನು ನೀರಿನಲ್ಲಿ ಕದಡಿ, ಅದೇ ಹಾಲಿಗೆ ಬೆರೆಸಿ ಬಳಿಯಬೇಕು. ಬಾಗಿಲಿಗೆ ಹಚ್ಚುವ ಬಣ್ಣ ಮಡಿಸಿದ ಕೂಡಲೇ ಸಿಡಿಯುತ್ತದೆ. ಜೂಲಿಗೆ ಪುಂಡಿನಾರು ಉತ್ತಮ, ಕಪ್ಪು ಬಣ್ಣದಲ್ಲಿ ಅದ್ದಿ ಒಣಗಿಸಿ ಅಂಟಿಸಿರಿ. ನಿಜವಾದ ಕರಡಿಯ ಚರ್ಮ, ಉಗುರು ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾನೂನಿನಂತೆ ಅಪರಾಧ.

ರಬ್ಬರ್ ಹಾಲು ದುಬಾರಿಯಾದರೆ ಮಣ್ಣಿನ ಮುಖವನ್ನೇ ಒಣಗಿಸಿ, ಎಣ್ಣೆ ಸವರಿ, ಹುಣಸೆಬೀಜದ ಅಂಟಿನಲ್ಲಿ ಕಾಗದ ಪದರು ಪದರಾಗಿ ಹಚ್ಚಬಹುದು. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಗೊಂಬೆಗಳಿಗೆ ಬಳಸುವ ಅಂಟು ಹುಣಸೆಬೀಜದ್ದೇ. ಆದರೆ ಕಾಗದದ ಮೋರೆ ಮಳೆಗೆ ಆಗದು.

ಬಳಸುವ ರೀತಿಯೂ ಮುಖ್ಯ. ಇದು ಹಗಲಿನ ಕಾವಲಿಗೆ, ಮಂಗಗಳಿಗೆ. ಕಾಡುಹಂದಿ ರಾತ್ರಿ ಮೂಗಿನಿಂದ ದಾರಿ ಹಿಡಿಯುವ ಪ್ರಾಣಿ. ಅದರ ಮುಂದೆ ಮೋರೆಯ ಭರವಸೆಯ ಮೇಲೆ ಯಾರೂ ನಿಲ್ಲಕೂಡದು. ದಿನವೂ ಅದೇ ಹೊತ್ತಿಗೆ ಅದೇ ಬದುವಿನಲ್ಲಿ ಸುತ್ತಿದರೆ ಮಂಗಗಳು ಪಳಗುತ್ತವೆ, ಆದುದರಿಂದ ಹೊತ್ತು ಮತ್ತು ದಿಕ್ಕು ಬದಲಿಸುತ್ತಿರಬೇಕು. ಅವು ಬಾರದ ದಿನ ಮೋರೆ ಮನೆಯಲ್ಲಿರಲಿ. ಮೋರೆಯೊಳಗೆ ಇರುವವನು ಮನುಷ್ಯ. ಅರ್ಧ ತಾಸಿಗೊಮ್ಮೆ ಅದನ್ನು ತೆಗೆದು ನೀರು ಕುಡಿಯಲಿ, ಕೂಲಿಯವನಾದರೂ ಸರಿ. ನೆರೆಹೊಲದವರಿಗೂ ಕುರಿ ಕಾಯುವವರಿಗೂ ಮೊದಲೇ ಹೇಳಿಡಿರಿ. ಕರಡಿ ಬಂತೆಂದು ಯಾರಾದರೂ ಕಲ್ಲು ಕೊಡಲಿ ಎತ್ತಿದರೆ ಬೆಳೆಯ ನಷ್ಟಕ್ಕಿಂತ ದೊಡ್ಡ ಅನಾಹುತವಾದೀತು. ದಾರಿಯ ಮೇಲೆ ಹಾಕಿಕೊಂಡು ತಿರುಗಬಾರದು.

ಸುಗ್ಗಿ ಮುಗಿದ ಮೇಲೆ ಮೋರೆಯನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಪೌಡರ್ ಹಾಕಿ, ಒಳಗೆ ಕಾಗದ ತುರುಕಿ ಕತ್ತಲ ಕೋಣೆಯಲ್ಲಿಡಿರಿ. ಬಿಸಿಲು, ಸೀಮೆಎಣ್ಣೆ, ತಾಮ್ರದ ತಂತಿ, ಈ ಮೂರೂ ರಬ್ಬರನ್ನು ಕೆಡಿಸುತ್ತವೆ. ಅಚ್ಚನ್ನು ಎಸೆಯಬೇಡಿರಿ, ಒಣಗಿಸಿಟ್ಟರೆ ನೆರೆಯವರ ಮೋರೆಗಳೂ ಅದರಲ್ಲೇ ಆಗುತ್ತವೆ.