ಹೋಗುವ ಮುನ್ನ, ಅಲ್ಲಿರುವಾಗ, ಬಂದ ಮೇಲೆ: ಜನಸಂದಣಿಯಲ್ಲಿ ಮೊಬೈಲ್ ಮತ್ತು ಸ್ಮೃತಿ

*ಇಂದಿನ ಧಮ್ಮ ಚಿಂತನೆ*



ಜನವರಿ 1 ಹತ್ತಿರ ಬಂತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ನಮ್ಮ ಬಳಗದ ಅನೇಕರು ಈ ಸಲವೂ ಭೀಮಾ ಕೋರೆಗಾಂವಕ್ಕೆ ಹೊರಟಿದ್ದೀರಿ. ಕೆಲವರು ವಾಡಿಯಿಂದ ರೈಲಿಗೆ, ಕೆಲವರು ಕ್ರೂಸರ್ ಮಾಡಿಕೊಂಡು. ಗಂಟು ಕಟ್ಟುವಾಗ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಚಾದರ, ಸ್ವೆಟರ್ ಎಲ್ಲ ನೆನಪಾಗುತ್ತವೆ. ಫೋನಿನ ಬಗ್ಗೆ ಮಾತ್ರ ಯಾರೂ ಯೋಚಿಸುವುದಿಲ್ಲ. ಅದು ಹೇಗೂ ಕೈಯಲ್ಲೇ ಇರುತ್ತದಲ್ಲ! ಇಂದು ಅದರ ಬಗ್ಗೆಯೇ ಚಿಂತಿಸೋಣ.

1818ರ ಜನವರಿ 1ರ ಯುದ್ಧದಲ್ಲಿ ಮಡಿದವರ ಹೆಸರುಗಳು ಅಲ್ಲಿನ ಸ್ತಂಭದ ಮೇಲಿವೆ. ಅವರಲ್ಲಿ ಮಹಾರ್ ಸೈನಿಕರೂ ಇದ್ದಾರೆ. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋದರು. ಇಂದು ಲಕ್ಷಾಂತರ ಜನ ಹೋಗುತ್ತಾರೆ. ಪುಣೆ ಸುತ್ತಲಿನ ಜನವರಿಯ ಬೆಳಗಿನ ಚಳಿ ನಮ್ಮ ಕಡೆಯದಕ್ಕಿಂತ ಚುರುಕು. ಚಳಿ, ಜನ, ಫೋನು ಮೂರೂ ಕೂಡಿದಾಗ ನಮ್ಮ ಸ್ಮೃತಿಯ ಪರೀಕ್ಷೆ ಆಗುತ್ತದೆ.

*ರಾಹುಲನಿಗೆ ಹೇಳಿದ ಮಾತು*

ಮಜ್ಝಿಮ ನಿಕಾಯದ 61ನೇ ಸುತ್ತದಲ್ಲಿ ಭಗವಾನ್ ಬುದ್ಧರು ಮಗ ರಾಹುಲನನ್ನು, ಕನ್ನಡಿ ಯಾತಕ್ಕೆ ಇರುತ್ತದೆ ಎಂದು ಕೇಳುತ್ತಾರೆ. ನೋಡಿಕೊಳ್ಳುವುದಕ್ಕೆ ಎಂದು ರಾಹುಲ ಉತ್ತರಿಸುತ್ತಾನೆ. ಹಾಗೆಯೇ ಕಾಯದ, ಮಾತಿನ, ಮನಸ್ಸಿನ ಪ್ರತಿ ಕೆಲಸವನ್ನೂ ಮೂರು ಸಲ ನೋಡಿಕೋ ಎಂಬುದು ಬುದ್ಧರ ಬೋಧನೆ: ಮಾಡುವ ಮುನ್ನ, ಮಾಡುವಾಗ, ಮಾಡಿದ ಮೇಲೆ. ಇದರಿಂದ ನನಗಾಗಲಿ ಇತರರಿಗಾಗಲಿ ನೋವು ಆಗುತ್ತದೆಯೇ ಎಂಬುದೇ ಅಳತೆಗೋಲು. ಅಶೋಕ ಚಕ್ರವರ್ತಿ ಬೈರಾಟ್ ಶಾಸನದಲ್ಲಿ ಭಿಕ್ಖುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕಾದ ಬೋಧನೆಗಳನ್ನು ಹೆಸರಿಸುವಾಗ, ಸುಳ್ಳಿನ ಕುರಿತು ರಾಹುಲನಿಗೆ ಹೇಳಿದ ಉಪದೇಶವನ್ನೂ ಸೇರಿಸಿದ್ದಾನೆ. ನಾವೂ ಫೋನನ್ನು ಈ ಮೂರು ಹೊತ್ತಿನ ಕನ್ನಡಿಯಲ್ಲಿ ನೋಡೋಣ.

*1. ಹೋಗುವ ಮುನ್ನ*

ಮೊದಲು ಒಂದು ತಪ್ಪು ತಿಳುವಳಿಕೆ. ಕೋರೆಗಾಂವದಲ್ಲಿ ಬ್ಯಾಟರಿ ಬೇಗ ಮುಗಿದರೆ ಎಲ್ಲರೂ “ಚಳಿಗೆ ಹೋಯ್ತು” ಅನ್ನುತ್ತಾರೆ. ಚಳಿಯ ಪಾಲು ಇದೆ, ನಿಜ. ಲಿಥಿಯಂ ಅಯಾನ್ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ತಣ್ಣಗಾದಾಗ ನಿಧಾನವಾಗುತ್ತದೆ, ಒಳಗಿನ ತಡೆ ಹೆಚ್ಚುತ್ತದೆ. ಹಳೆಯ ಬ್ಯಾಟರಿ ಆದರೆ ಶೇಕಡಾ 20 ತೋರಿಸುತ್ತಲೇ ಫೋನ್ ಆಫ್ ಆಗಬಹುದು, ಬೆಚ್ಚಗಾದ ಮೇಲೆ ಮತ್ತೆ ಆನ್ ಆಗಬಹುದು. ಆದರೆ ಸಾಮಾನ್ಯವಾಗಿ ಫೋನುಗಳನ್ನು 0ಯಿಂದ 35 ಡಿಗ್ರಿವರೆಗೆ ನಡೆಯುವಂತೆ ಮಾಡಿರುತ್ತಾರೆ. 10 ಡಿಗ್ರಿ ಚಳಿ ನಮಗೆ ನಡುಕ ತರುತ್ತದೆ, ಒಳ್ಳೆಯ ಬ್ಯಾಟರಿಗೆ ಅಷ್ಟೇನೂ ಅಲ್ಲ.

ಬ್ಯಾಟರಿ ತಿನ್ನುವ ದೊಡ್ಡ ಕಾರಣ ಬೇರೆ. ಒಂದು ಟವರಿಗೆ ಲೆಕ್ಕ ಮೀರಿ ಫೋನುಗಳು ಜೋತುಬಿದ್ದಾಗ ಯಾವುದಕ್ಕೂ ಸರಿಯಾಗಿ ದಾರಿ ಸಿಗುವುದಿಲ್ಲ. ಪ್ರತಿ ಫೋನೂ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಸಿಗ್ನಲ್ ಕ್ಷೀಣವಾದಷ್ಟೂ ಹೆಚ್ಚು ಶಕ್ತಿ ಹಾಕಿ ಕೂಗುತ್ತದೆ. ನಾವು ಕಳಿಸಲು ಒತ್ತಿದ ವಿಡಿಯೊ ಹೋಗದೆ ಒಳಗೊಳಗೇ ಒದ್ದಾಡುತ್ತಿರುತ್ತದೆ. ಕಣ್ಣಿಗೆ ಕಾಣುವುದು ಚಳಿ, ಕೆಲಸ ಮಾಡುವುದು ಕಾಣದ ಕಾರಣ. ಪಟಿಚ್ಚಸಮುಪ್ಪಾದ ಓದಿದ ನಮಗೆ ಇದು ಹೊಸದಲ್ಲ. ಸರಿಯಾದ ಕಾರಣ ಕಂಡರೆ ಸರಿಯಾದ ಉಪಾಯವೂ ಸಿಗುತ್ತದೆ.

ಆದ್ದರಿಂದ ಹೊರಡುವ ಮುನ್ನ:

• ಮನೆಯಲ್ಲೇ ಪೂರ್ತಿ ಚಾರ್ಜ್ ಮಾಡಿ. ಪುಣೆ ಸುತ್ತಲಿನ ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಡಿ.
• ಗುಂಪಿನಲ್ಲಿ ಒಬ್ಬರ ಫೋನನ್ನು ಆಫ್ ಮಾಡಿ, ಆಪತ್ತಿಗೆಂದೇ ತೆಗೆದಿಡಿ.
• *#06# ಒತ್ತಿದರೆ ಬರುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಮನೆಯ ವಹಿಯಲ್ಲಿ ಬರೆದಿಡಿ. ಫೋನ್ ಕಳುವಾದರೆ ಪೊಲೀಸ್ ದೂರು ಕೊಟ್ಟು, ‘ಸಂಚಾರ ಸಾಥಿ’ ತಾಣದಲ್ಲಿ ಅದನ್ನು ಬ್ಲಾಕ್ ಮಾಡಿಸಲು ಆ ಸಂಖ್ಯೆ ಬೇಕು.
• ಹಿರಿಯರ ಮತ್ತು ಮಕ್ಕಳ ಬಳಿ ಎರಡು ಫೋನ್ ನಂಬರ್ ಬರೆದ ಚೀಟಿ ಇರಲಿ. ಈಗ ಯಾರಿಗೂ ಯಾರ ನಂಬರೂ ಬಾಯಿಪಾಠ ಇಲ್ಲ.

*2. ಅಲ್ಲಿರುವಾಗ*

ಸತಿಪಟ್ಠಾನ ಸುತ್ತದಲ್ಲಿ ಸಂಪಜಞ್ಞದ ಭಾಗ ಇದೆ. ಮುಂದೆ ಹೋಗುವಾಗ, ಹಿಂದೆ ಬರುವಾಗ, ಅತ್ತಿತ್ತ ನೋಡುವಾಗ, ಕೈ ಮಡಚುವಾಗ, ಚಾಚುವಾಗ, ಮಾತಾಡುವಾಗ, ಸುಮ್ಮನಿರುವಾಗ ಪೂರ್ಣ ಅರಿವಿರಬೇಕು ಎಂದು ಅಲ್ಲಿ ಬರುತ್ತದೆ. ಜನಸಂದಣಿಯಲ್ಲಿ ಫೋನ್ ಎತ್ತಿ ನಡೆಯುವವರಿಗೆ ಇವುಗಳಲ್ಲಿ ಒಂದೂ ಉಳಿಯುವುದಿಲ್ಲ. ಕಾಲು ಒಂದು ಕಡೆ, ಕಣ್ಣು ಪರದೆಯ ಕಡೆ.

ಕಳೆದ ಸಲ ನಮ್ಮ ಜೊತೆ ಚಿಂಚೋಳಿ ಕಡೆಯ ಹಳ್ಳಿಯ ಒಬ್ಬ ಆಯಿ ಬಂದಿದ್ದರು. ಎಪ್ಪತ್ತು ದಾಟಿದವರು. ಅವರ ಮೊಮ್ಮಗ ಸ್ತಂಭದ ದಾರಿಯುದ್ದಕ್ಕೂ ಊರಿನ ಗೆಳೆಯರಿಗೆ ಲೈವ್ ತೋರಿಸುತ್ತಾ ನಡೆದಿದ್ದ. ಒಂದು ತಿರುವಿನಲ್ಲಿ ನೋಡಿದರೆ ಆಯಿ ಇಲ್ಲ. ಅವನ ಫೋನೂ ಅಷ್ಟರಲ್ಲೇ ಸತ್ತಿತ್ತು. ನಾನು ಹತ್ತಾರು ಸಲ ಬೇರೆಯವರಿಗೆ ಕರೆ ಮಾಡಿದೆ, ಒಂದೂ ಹೋಗಲಿಲ್ಲ. ಎರಡು ತಾಸು ಹುಡುಕಿದೆವು. ಹುಡುಗ ಅಳುವುದೊಂದು ಬಾಕಿ.

ಆಯಿಯ ಸೆರಗಿನ ತುದಿಗೆ ಸೊಸೆ ಒಂದು ಚೀಟಿ ಪಿನ್ ಮಾಡಿ ಕಳಿಸಿದ್ದಳು. ನೀರು ಹಂಚುತ್ತಿದ್ದ ಮರಾಠಿ ಹುಡುಗಿಯೊಬ್ಬಳು ಅದನ್ನು ನೋಡಿ ನನ್ನ ನಂಬರಿಗೆ ಕರೆ ಮಾಡಿದ್ದಾಳೆ. ಕರೆ ಹೋಗದಿದ್ದಾಗ ಎಸ್ಸೆಮ್ಮೆಸ್ ಕಳಿಸಿದ್ದಾಳೆ. ಅದು ಬಂತು. ಹೋಗಿ ನೋಡಿದರೆ ಆಯಿ ಕಂಬಳಿ ಹೊದ್ದು ಚಹಾ ಕುಡಿಯುತ್ತಾ ಕೂತಿದ್ದರು. ಹುಡುಗನಿಗೆ ನಾವು ಬೈಯುವ ಮೊದಲೇ ಅವರೇ ಅಂದರು: “ಅಂವ ಏನ್ ಮಾಡ್ಯಾನ್ರಿ? ಒಂದು ಕೈಯಾಗ ಫೋನ್ ಹಿಡದಿದ್ದ, ಇನ್ನೊಂದು ಕೈಲಿಂದ ಅದನ್ನೇ ಒತ್ತಲಕತ್ತಿದ್ದ. ನನ್ನ ಹಿಡಿಲಿಕ್ಕ ಮೂರನೇ ಕೈ ಎಲ್ಲಿಂದ ತರಬೇಕು?”

ನಾನು ಎಷ್ಟೋ ಪ್ರವಚನ ಕೇಳಿದ್ದೇನೆ. ಅಪ್ಪಮಾದ ಎಂದರೇನು ಎಂದು ಆಯಿಯಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ.

ಅಲ್ಲಿ ಅನುಸರಿಸಬೇಕಾದದ್ದು ಇಷ್ಟೇ. ಇಂಟರ್ನೆಟ್ ಆಫ್ ಮಾಡಿ, ಕರೆ ಮಾತ್ರ ಇರಲಿ. ಫೋನನ್ನು ಸ್ವೆಟರಿನ ಒಳಗಿನ ಅಂಗಿಯ ಕಿಸೆಯಲ್ಲಿಡಿ. ಮೈಯ ಬಿಸಿ ಬ್ಯಾಟರಿಗೂ ಸಿಗುತ್ತದೆ, ಕಿಸೆಗಳ್ಳನ ಕೈಯೂ ಸುಲಭಕ್ಕೆ ಮುಟ್ಟುವುದಿಲ್ಲ. ಉಣ್ಣೆಯ ಕೈಚೀಲ ಹಾಕಿದ ಬೆರಳನ್ನು ಪರದೆ ಗುರುತಿಸುವುದಿಲ್ಲ, ಏಕೆಂದರೆ ಅದಕ್ಕೆ ಬೇಕಾದದ್ದು ಚರ್ಮದ ವಿದ್ಯುತ್ ಸ್ಪರ್ಶ. ಹಾಗಾಗಿ ಫೋಟೊ ತೆಗೆಯುವುದಿದ್ದರೆ ಬದಿಗೆ ನಿಂತು, ಕೈಚೀಲ ಬಿಚ್ಚಿ, ತೆಗೆದು, ಮತ್ತೆ ಒಳಗಿಡಿ. ನಡೆಯುತ್ತಾ ಬೇಡ. ಗಾಡಿ ನಿಂತ ಜಾಗ ಬಿಡುವಾಗ ಅಲ್ಲಿನ ಫಲಕದ ಒಂದು ಫೋಟೊ ಎಲ್ಲರ ಫೋನಿನಲ್ಲೂ ಇರಲಿ. ಆಪತ್ತಿಗೆ 112.

*3. ಮಾತು ಕಳಿಸುವಾಗ, ಮಾತು ಬಂದಾಗ*

ಆಯಿಯ ವಿಷಯದಲ್ಲಿ ಕರೆ ಹೋಗದಿದ್ದರೂ ಎಸ್ಸೆಮ್ಮೆಸ್ ಹೋಗಿದ್ದು ಪವಾಡ ಅಲ್ಲ. ಕರೆಗೆ ಅಷ್ಟು ಹೊತ್ತೂ ದಾರಿ ತೆರೆದಿರಬೇಕು. ಎಸ್ಸೆಮ್ಮೆಸ್‌ಗೆ ಒಂದು ಕ್ಷಣದ ಬಿರುಕು ಸಾಕು. ಆಚೆಯವರ ಫೋನ್ ಸಿಗದಿದ್ದರೆ ಕಂಪನಿಯ ಕೇಂದ್ರದಲ್ಲಿ ಕಾದಿದ್ದು, ಸಿಕ್ಕಾಗ ತಲುಪುತ್ತದೆ. ಕನ್ನಡ ಲಿಪಿಯಲ್ಲಿ ಒಂದು ಎಸ್ಸೆಮ್ಮೆಸ್‌ಗೆ 70 ಚಿಹ್ನೆಗಳ ಜಾಗ. ಒತ್ತಕ್ಷರ, ಗುಣಿತ, ಖಾಲಿ ಜಾಗ ಎಲ್ಲ ಲೆಕ್ಕಕ್ಕೆ ಬರುತ್ತವೆ. ಆ 70ರೊಳಗೆ ಇದು ಹಿಡಿಸುತ್ತದೆ: “ಎಲ್ಲರೂ ಸೌಖ್ಯ. 11.10. ಬಸ್ ಹತ್ತಿರ ಇದ್ದೇವೆ. 12ಕ್ಕೆ ಹೊರಡುತ್ತೇವೆ.” ಯಾರು, ಯಾವಾಗ, ಎಲ್ಲಿ, ಮುಂದೇನು. ಸಮ್ಮಾ ವಾಚಾಕ್ಕೆ ಇದಕ್ಕಿಂತ ಹೆಚ್ಚು ಅಕ್ಷರ ಬೇಕಾಗುವುದಿಲ್ಲ.

ಇದು ಯಾಕೆ ಮುಖ್ಯ? ಅದೇ ದಿನ ಶಹಾಬಾದಿನಲ್ಲಿ ನಮ್ಮ ಮನೆಯವರ ಫೋನಿಗೆ ಒಂದು ಧ್ವನಿ ಸಂದೇಶ ಬಂತು. ಕೋರೆಗಾಂವದಲ್ಲಿ ಗದ್ದಲ ಆಗಿದೆ, ನಮ್ಮವರು ಸಿಕ್ಕಿಬಿದ್ದಿದ್ದಾರೆ, ಎಲ್ಲ ಗುಂಪಿಗೂ ಕಳಿಸಿ ಎಂದು. 2018ರ ಜನವರಿ 1ರಂದು ಅಲ್ಲಿ ಹಿಂಸೆ ನಡೆದು ಒಂದು ಜೀವ ಹೋದದ್ದು ನಮ್ಮ ಮನೆಗಳಲ್ಲಿ ಯಾರೂ ಮರೆತಿಲ್ಲ. ಅಂಥ ಸಂದೇಶ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಪಕ್ಕದ ಮನೆಯವರು ಅಳುತ್ತಾ ಬಂದರಂತೆ. ನಮ್ಮ ಮನೆಯವರು ಮೂರು ಪ್ರಶ್ನೆ ಕೇಳಿದರು: “ಯಾರ ದನಿ ಇದು? ಯಾವಾಗಿಂದು? ಹೇಳಿದಾಂವ ಕಣ್ಣಿಲೆ ನೋಡ್ಯಾನೇನು?” ಒಂದಕ್ಕೂ ಉತ್ತರ ಇರಲಿಲ್ಲ. ಸಂದೇಶದ ಮೇಲೆ ಎರಡು ಬಾಣದ ಗುರುತು ಇತ್ತು, ಅಂದರೆ ಬಹಳ ಕೈ ದಾಟಿ ಬಂದದ್ದು. ಅವರು ಅದನ್ನು ಮುಂದೆ ಕಳಿಸಲಿಲ್ಲ. ಪಕ್ಕದವರನ್ನು ಕೂರಿಸಿ ನೀರು ಕೊಟ್ಟರು. ಸ್ವಲ್ಪ ಹೊತ್ತಿಗೆ ನನ್ನ ಎಸ್ಸೆಮ್ಮೆಸ್ ತಲುಪಿತು. ಗದ್ದಲ ಏನೂ ಆಗಿರಲಿಲ್ಲ.

ಕೇಸಪುತ್ತದ ಕಾಲಾಮರಿಗೆ ಬುದ್ಧರು ಕೊಟ್ಟ ಬೋಧನೆ ಇದೇ: ಕೇಳಿಬಂದ ಮಾತು ಎಂಬ ಕಾರಣಕ್ಕೇ ಒಪ್ಪಬೇಡಿ, ಅದರಿಂದ ಒಳಿತೋ ಕೆಡುಕೋ ನೀವೇ ಪರೀಕ್ಷಿಸಿ. ನೆಟ್‌ವರ್ಕ್ ಜಾಮ್ ಆದ ದಿನ ಇನ್ನೊಂದು ಅಪಾಯವೂ ಇದೆ. 9 ಗಂಟೆಗೆ ಕಳಿಸಿದ ಮಾತು 11ಕ್ಕೆ ಬರುತ್ತದೆ. “ಈಗ ಇಲ್ಲಿ ಜನ ನುಗ್ಗುತ್ತಿದ್ದಾರೆ” ಎಂಬ ‘ಈಗ’ ಎರಡು ತಾಸು ಹಿಂದಿನದು. ಕಳಿಸಿದವರು ಸುಳ್ಳು ಹೇಳದಿದ್ದರೂ ಓದುವವರಿಗೆ ಅದು ಸುಳ್ಳಾಗಿರುತ್ತದೆ. ಆದ್ದರಿಂದಲೇ ಸಂದೇಶದೊಳಗೆ ಗಂಟೆ ಬರೆಯಿರಿ ಎನ್ನುವುದು.

ಮುಂದೆ ದಾಟಿಸುವ ಸಂದೇಶವನ್ನು ಒಂದು ಸಲಕ್ಕೆ 5 ಕಡೆಗಿಂತ ಹೆಚ್ಚು ಕಳಿಸದಂತೆ ವಾಟ್ಸಾಪ್ 2018ರಲ್ಲಿ ನಮ್ಮ ದೇಶದಲ್ಲಿ ಮಿತಿ ಹಾಕಿತು. 2020ರಿಂದ, ಬಹಳ ಸಲ ದಾಟಿ ಬಂದದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು. ಇದು ಯಂತ್ರ ಹಾಕಿದ ಕಡಿವಾಣ. ಶೀಲ ಎಂದರೆ ನಾವೇ ಹಾಕಿಕೊಳ್ಳುವ ಕಡಿವಾಣ.

ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಇರುವುದು ಬೆಳಕಿಗೆ ಬಂತು. ಅದರಲ್ಲಿ 12ನೇ ಬಂಡೆ ಶಾಸನದ ಪಾಠವೂ ಇದೆ. ಎಲ್ಲ ಪಂಥಗಳ ಸಾರ ಬೆಳೆಯಬೇಕು, ಅದರ ಬೇರು ಮಾತಿನ ಸಂಯಮ, ಸಂದರ್ಭವಿಲ್ಲದೆ ತನ್ನದನ್ನು ಹೊಗಳಿ ಇನ್ನೊಬ್ಬರದನ್ನು ಹಳಿಯಬಾರದು ಎಂಬುದು ಆ ಶಾಸನದ ತಿರುಳು. ಕೋರೆಗಾಂವದ ಪಕ್ಕ ಹರಿಯುವ ಭೀಮೆಯೇ ಮುಂದೆ ನಮ್ಮ ಸನ್ನತಿಯ ದಂಡೆಗೆ ಬರುತ್ತಾಳೆ. ಒಂದೇ ನದಿಯ ಮೇಲಿನ ದಂಡೆಗೆ ನಾವು ಸ್ವಾಭಿಮಾನದ ನೆನಪಿಗೆ ಹೋಗುತ್ತೇವೆ. ಕೆಳಗಿನ ದಂಡೆಯ ಕಲ್ಲು ಮಾತಿನ ಸಂಯಮ ಕಲಿಸುತ್ತದೆ. ಎರಡೂ ನಮಗೆ ಬೇಕು.

*ಬಂದ ಮೇಲೆ*

ಊರಿಗೆ ಮರಳಿದ ಮೇಲೆ ಫೋಟೊಗಳನ್ನು ಗುಂಪಿಗೆ ಹಾಕುವ ಮುನ್ನ ಒಮ್ಮೆ ನೋಡಿ. ಯಾರದಾದರೂ ನಿದ್ದೆಗೆಟ್ಟ, ಅತ್ತ ಮುಖ ಅದರಲ್ಲಿದೆಯೇ? ಅವರನ್ನು ಕೇಳದೆ ಹಾಕಬೇಡಿ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದಿಲ್ಲ ಎಂಬ ಎರಡನೇ ಶೀಲ ಚಿತ್ರಕ್ಕೂ ಅನ್ವಯಿಸುತ್ತದೆ ಎಂದು ನನ್ನ ತಿಳುವಳಿಕೆ.

*ಇಂದಿನ ಅಭ್ಯಾಸ:* ಇಂದು ಫೋನ್ ಕೈಗೆ ತೆಗೆದುಕೊಂಡ ಪ್ರತಿ ಸಲ, ಪರದೆ ಬೆಳಗುವ ಮುನ್ನ ಒಂದು ಉಸಿರು ನಿಲ್ಲಿ. ಆ ಕಪ್ಪು ಗಾಜಿನಲ್ಲಿ ನಿಮ್ಮ ಮುಖ ಕಾಣುತ್ತದೆ. “ಯಾತಕ್ಕೆ ತೆಗೆದೆ?” ಎಂದು ಅದನ್ನು ಕೇಳಿ. ಉತ್ತರ ಇದ್ದರೆ ಬಳಸಿ, ಇಲ್ಲದಿದ್ದರೆ ಕಿಸೆಗೆ ಹಾಕಿ, ಪಕ್ಕದಲ್ಲಿರುವವರ ಕೈ ಹಿಡಿಯಿರಿ.

ಹೊರಟವರೆಲ್ಲ ಸುಖವಾಗಿ ಹೋಗಿ ಬನ್ನಿ. ಎಲ್ಲರಿಗೂ ಮಂಗಲವಾಗಲಿ.

ಸಾಧು, ಸಾಧು, ಸಾಧು 🙏